ಬೇಲಿ ಕತ್ತರಿಸಿದ ಕಿಡಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಾರ್ಕಿನ ಕಾವಲುಗಾರ ಗೇಟು ತೆರೆದು, ಆಕಳಿಸುತ್ತಾ ನೀರಿನ ಪೈಪು ಬಿಚ್ಚುತ್ತಿದ್ದಾನೆ. ಒದ್ದೆ ಹಾದಿಯಲ್ಲಿ ಗಾಲಿಕುರ್ಚಿಯೊಂದು ಕಿರುಗುಟ್ಟುತ್ತಾ ಬರುತ್ತದೆ. ಅದರಲ್ಲಿ ಕೂತಿರುವುದು ಐವತ್ತು ದಾಟಿದ, ತಲೆಗೆ ಬಟ್ಟೆ ಬಿಗಿದುಕೊಂಡ, ಮುಂಗೈ ತುಂಬ ಸಣ್ಣ ಸಣ್ಣ ಸುಟ್ಟ ಕಲೆಗಳಿರುವ ಹೆಂಗಸು. ಇಳಿಜಾರು ಹತ್ತುತ್ತಾರೆ, ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ. ಕುರ್ಚಿಯ ಮುಂದಿನ ಪುಟ್ಟ ಗಾಲಿ ಸೊಟ್ಟಗೆ ತಿರುಗಿ ನಿಂತಾಗ ಅದಕ್ಕೆ ಬಾಯಲ್ಲೇ ಏನೋ ಬೈದು, ಹಿಂದಕ್ಕೆ ಸರಿದು, ಇನ್ನೊಮ್ಮೆ ಬರುತ್ತಾರೆ.

ನಡಿಗೆಗೆ ಬಂದ ಗಂಡಸೊಬ್ಬರಿಗೆ ಈ ಒದ್ದಾಟ ನೋಡಿ ಕರುಳು ಚುರುಕ್ ಎನ್ನುತ್ತದೆ. ಓಡಿ ಬಂದು ಹಿಂದಿನಿಂದ ಕುರ್ಚಿ ಹಿಡಿದು ತಳ್ಳಲು ಹೊರಡುತ್ತಾರೆ. ಹೆಂಗಸು ಬೇಡ ಎಂದು ಕೈ ಆಡಿಸಿ, ಸಲೀಸಾಗಿ ಎದ್ದು ನಿಂತು, ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ಮಂಡಿಯೂರಿ ನೆಲದ ಸಂದಿಗೆ ಬೆರಳು ತೂರಿಸಿ ಅಳೆಯತೊಡಗುತ್ತಾರೆ. ಸಹಾಯಕ್ಕೆ ಬಂದವರ ಬಾಯಿ ತೆರೆದದ್ದು ತೆರೆದೇ ಇದೆ. ಪೈಪು ಹಿಡಿದ ಕಾವಲುಗಾರನಿಗೆ ಇದಕ್ಕಿಂತ ಒಳ್ಳೆಯ ಬೆಳಗು ಬೇಕಿಲ್ಲ. "ಪ್ರತಿ ಸಲ ಹೊಸಬರು ಒಬ್ಬರಾದ್ರೂ ಹೀಗೆ ಸಿಗ್ತಾರೆ ಸಾರ್. ಒಬ್ಬರಂತೂ ಪವಾಡ ಅಂತ ಕೈ ಮುಗಿದುಬಿಟ್ರು," ಎಂದು ಈ ಹೆಂಗಸಿನ ಬಗ್ಗೆ ಬರೆಯಲು ಬಂದ ನನ್ನ ಕಿವಿಯಲ್ಲಿ ಹೇಳಿ ಮುಸಿಮುಸಿ ನಗುತ್ತಾನೆ.

ಈ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಉಳಿದ ಎಲ್ಲರಿಗೂ ಅವರು ಕಿಡಿಯಕ್ಕ. ಗೇಟು, ಕಿಟಕಿ ಗ್ರಿಲ್ಲು ಮಾಡುವ ಬೆಸುಗೆ ಅಂಗಡಿ ಅವರದು. ಅಂಗಡಿ ಮುಂದೆ ಹಾದುಹೋಗುವ ಮಕ್ಕಳು ಕಿಡಿ ಹಾರುವುದನ್ನು ನೋಡಲು ನಿಂತು, ಅವರಿಂದ ಬೈಸಿಕೊಂಡು, ಸೇಡು ತೀರಿಸಿಕೊಳ್ಳಲು ಇಟ್ಟ ಹೆಸರಿದು. ಈಗ ಅವರೇ ರಸೀದಿಯ ಮೇಲೆ ಅದನ್ನು ಅಚ್ಚು ಹಾಕಿಸಿಕೊಂಡಿದ್ದಾರೆ.

ಗೇಟು ಮಾಡುವವರಿಗೆ ಮುಂಜಾನೆ ಪಾರ್ಕಿನಲ್ಲಿ ಏನು ಕೆಲಸ ಎಂದು ಕೇಳಬಹುದು. ಈ ಪಾರ್ಕಿನಲ್ಲಿ ಕಾಲು ನಡೆಯದ ಮಕ್ಕಳು, ಕಣ್ಣು ಕಾಣದ ಮಕ್ಕಳು, ಗಲಾಟೆ ಎಂದರೆ ಬೆಚ್ಚುವ ಮಕ್ಕಳು ಮಿಕ್ಕ ಮಕ್ಕಳ ಜೊತೆ ಸೇರಿ ಆಡುತ್ತಾರೆ. ಆ ಆಟದ ಸಾಮಾನುಗಳನ್ನೆಲ್ಲ ಯೋಚಿಸಿ, ಸೀಮೆಸುಣ್ಣದಲ್ಲಿ ಅಂಗಡಿಯ ನೆಲದ ಮೇಲೆ ಬರೆದು, ಕಬ್ಬಿಣ ಬಾಗಿಸಿ ಮಾಡಿದ್ದು ಕಿಡಿಯಕ್ಕ. ಇದೊಂದೇ ಅಲ್ಲ, ನಗರದ ಇನ್ನೂ ಆರು ಪಾರ್ಕುಗಳಲ್ಲಿ ಅವರ ಕೈಕೆಲಸವಿದೆ. ಪ್ರತಿ ಬೆಳಿಗ್ಗೆ ಒಂದೊಂದು ಪಾರ್ಕಿಗೆ ಹೋಗಿ, ಮಕ್ಕಳು ಬರುವ ಮೊದಲು ಎಲ್ಲವನ್ನೂ ತಾವೇ ಆಡಿ ನೋಡುತ್ತಾರೆ. ಕುರ್ಚಿಯಲ್ಲಿ ಒಂದು ಸುತ್ತು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇನ್ನೊಂದು ಸುತ್ತು.

ಕುರ್ಚಿ ಇಷ್ಟು ಹಳೆಯದು ಯಾಕೆ ಎಂದು ಕೇಳಿದೆ. ಆಸ್ಪತ್ರೆಯವರು ಗುಜರಿಗೆ ಹಾಕಿದ್ದನ್ನು ತಂದದ್ದಂತೆ. ಮುಂದಿನ ಗಾಲಿಯನ್ನು ಬೇಕೆಂದೇ ರಿಪೇರಿ ಮಾಡಿಲ್ಲ. "ಹೊಸ ಕುರ್ಚಿ ಎಲ್ಲಿ ಬಿಟ್ರೂ ಹೋಗುತ್ತೆ. ಎಲ್ಲಾ ಮಕ್ಕಳ ಹತ್ರ ಹೊಸ ಕುರ್ಚಿ ಇರುತ್ತಾ? ಈ ದರಿದ್ರದ್ದು ಹತ್ತಿದ್ರೆ ಎಲ್ಲಾನೂ ಹತ್ತುತ್ತೆ ಅಂತ ಲೆಕ್ಕ," ಎನ್ನುತ್ತಾರೆ. ಮಾತು ಮುಗಿಯುವ ಮೊದಲೇ ಎದ್ದು, ಸಂದಿಯಲ್ಲಿ ಸಿಕ್ಕಿದ ಕಲ್ಲಿನ ಚೂರೊಂದನ್ನು ಕೆದಕಿ ತೆಗೆದು, ಅಪರಾಧಿಯನ್ನು ಹಿಡಿದವರಂತೆ ನನಗೆ ತೋರಿಸುತ್ತಾರೆ.

ಅಂಗಡಿ ಇರುವುದು ಪಾರ್ಕಿನ ಹಿಂದಿನ ಬೀದಿಯಲ್ಲಿ. ಒಂದು ಕಡೆ ಟೈರಿನವರು, ಇನ್ನೊಂದು ಕಡೆ ಹಾಸಿಗೆ ಹೊಲಿಯುವವರು, ನಡುವೆ ಇವರ ತಗಡಿನ ಮಾಡು. ಗೋಡೆಗೆ ಒರಗಿ ನಿಂತ ಅರ್ಧ ಮುಗಿದ ಗೇಟುಗಳು. ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಒಬ್ಬರು ಕಬ್ಬಿಣದ ಹಕ್ಕಿಗಳಿಗೆ ಹಳದಿ ಬಣ್ಣ ಬಳಿಯುತ್ತಿದ್ದಾರೆ. ಅವರು ಕಿಡಿಯಕ್ಕನ ಯಜಮಾನರು. ಮೊದಲು ಬೆಸುಗೆಯಲ್ಲಿ ಎತ್ತಿದ ಕೈ. ಕಿಡಿಯಕ್ಕ ಮದುವೆಯಾದ ಹೊಸದರಲ್ಲಿ ಬುತ್ತಿ ತೆಗೆದುಕೊಂಡು ಬರುತ್ತಿದ್ದರು, ಗಂಡ ಉಣ್ಣುವವರೆಗೆ ಸುಮ್ಮನೆ ಕೂರಲಾಗದೆ ಸರಳು ಹಿಡಿದುಕೊಳ್ಳುತ್ತಿದ್ದರು, ಆಮೇಲೆ ಬೆಸುಗೆ ಕಡ್ಡಿ ಹಿಡಿದರು. ಗಂಡನ ಕಣ್ಣು ಸೋಲುತ್ತಾ ಬಂದಾಗ ಇಬ್ಬರೂ ಕೆಲಸ ಅದಲುಬದಲು ಮಾಡಿಕೊಂಡರು. ಹೆಂಗಸು ಗೇಟು ಮಾಡುತ್ತಾಳೆಂದು ಮೂಗು ಮುರಿದ ಗಿರಾಕಿಗಳಿದ್ದರು. ಅವರ ಮನೆಗಳ ಗೇಟುಗಳು ಈಗಲೂ ಜೋತುಬಿದ್ದಿಲ್ಲ ಎಂಬುದನ್ನು ಯಜಮಾನರು ಕುಂಚ ಮೇಲೆತ್ತಿ ನನಗೆ ಖಚಿತಪಡಿಸುತ್ತಾರೆ.

ಈ ಅಂಗಡಿಯಲ್ಲೇ ಬೆಳೆದವಳು ಮೊಮ್ಮಗಳು, ಮಗಳ ಮಗಳು. ಈಗ ಹನ್ನೊಂದು ವರ್ಷ. ಹುಟ್ಟಿನಿಂದ ಸೊಂಟದ ಕೆಳಗೆ ಬಲವಿಲ್ಲ. ಆ ಕೊರತೆಯನ್ನೆಲ್ಲ ನಾಲಿಗೆ ತುಂಬಿಕೊಟ್ಟಿದೆ. ಅದಕ್ಕೇ ಮನೆಯಲ್ಲಿ ಅವಳನ್ನು ಕರೆಯುವುದು ಮೆಣಸು ಎಂದು. ಅವಳ ಅಮ್ಮ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ ಮಾಡುತ್ತಾರೆ. ಪಾಳಿ ಮುಗಿಯುವವರೆಗೆ ಹುಡುಗಿ ಅಜ್ಜಿಯ ಅಂಗಡಿಯಲ್ಲಿ. ಕಿಡಿ ಹಾರದ ಮೂಲೆಯಲ್ಲಿ ಗಾಲಿಕುರ್ಚಿ ನಿಲ್ಲಿಸಿಕೊಂಡು ಹೋಂವರ್ಕ್ ಬರೆಯುತ್ತಾಳೆ, ಗಿರಾಕಿಗಳ ಮಾತಿಗೆ ತನ್ನದೂ ಒಂದು ಸೇರಿಸುತ್ತಾಳೆ.

ಎರಡೂವರೆ ವರ್ಷದ ಹಿಂದೆ, ಪಾರ್ಕಿನ ಕಟಕಟೆ ರಿಪೇರಿ ಮಾಡಿಸಲು ನಗರಸಭೆಯ ಎಂಜಿನಿಯರ್ ಮೇಡಂ ಅಂಗಡಿಗೆ ಬಂದರು. ಮೂಲೆಯಲ್ಲಿದ್ದ ಮೆಣಸನ್ನು ನೋಡಿ, ಮಗು ಆಡೋಕೆ ಎಲ್ಲಿಗೆ ಹೋಗುತ್ತೆ ಎಂದು ವಿಚಾರಿಸಿದರು. ಇಲ್ಲೇ ಆಡ್ಕೊಂಡಿರ್ತಾಳೆ ಎಂದರು ಕಿಡಿಯಕ್ಕ. ಪುಸ್ತಕದಿಂದ ತಲೆ ಎತ್ತದೆ ಹುಡುಗಿ ಹೇಳಿದ್ದು ಇಷ್ಟು: "ಆಡ್ತಾ ಇಲ್ಲ. ಕೂತಿದೀನಿ."

ಎಂಜಿನಿಯರ್ ಮೇಡಂಗೆ ಆ ಮಾತು ಚುಚ್ಚಿತು. ವಾರ ಕಳೆಯುವುದರೊಳಗೆ ಒಂದು ನಕ್ಷೆಯ ಜೊತೆ ಬಂದರು. ಗಾಲಿಕುರ್ಚಿ ಸಮೇತ ಮಗು ಹತ್ತಿ ಕೂರಬಹುದಾದ ಜೋಕಾಲಿಯ ನಕ್ಷೆ. ಅಗಲವಾದ ಕಬ್ಬಿಣದ ಹಲಗೆ, ನಾಲ್ಕು ಕಡೆ ಸರಪಳಿ. ಇಂಥ ಹಲಗೆ ತೂಗುವಾಗ ಓಡಾಡುವ ಮಕ್ಕಳಿಗೆ ಬಡಿದರೆ ಕಷ್ಟ, ಸುತ್ತ ಒಂದು ಸಣ್ಣ ಬೇಲಿ ಬೇಕು ಎಂದೂ ಹೇಳಿದರು. ಸೊಂಟದೆತ್ತರ ಸಾಕು ಎಂದು ನಕ್ಷೆಯಲ್ಲಿ ಬರೆದೂ ಇತ್ತು.

ಬೇಲಿ ಎಂಬ ಮಾತು ಕಿವಿಗೆ ಬಿದ್ದದ್ದೇ ಕಿಡಿಯಕ್ಕನ ಕೈ ತುರಿಸತೊಡಗಿತು. ಜೀವಮಾನವೆಲ್ಲ ಕಳ್ಳಕಾಕರನ್ನು ಹೊರಗಿಡುವ ಕೆಲಸ ಮಾಡಿದವರು. ಮೊಮ್ಮಗಳ ಜೋಕಾಲಿಗೆ ಸೊಂಟದೆತ್ತರದ ಬೇಲಿಯೇ? ತಲೆಗಿಂತ ಎತ್ತರದ ಗ್ರಿಲ್ಲು ಮಾಡಿದರು. ಅದರ ತುಂಬ ಬಳ್ಳಿ, ಹೂವು, ಹಕ್ಕಿ. ಮೇಲೆ ಕಮಾನು, ಮುಂದೆ ಚಿಲಕವಿರುವ ಬಾಗಿಲು. ಒಂದೊಂದು ಹಕ್ಕಿಯ ರೆಕ್ಕೆಗೂ ಅರ ಹಾಕಿ ನುಣುಪು ಮಾಡಿದರು. ಬಣ್ಣ ಬಳಿದ ಯಜಮಾನರು ಇದು ನಮ್ಮ ಅಂಗಡಿಯ ಅತ್ಯುತ್ತಮ ಕೆಲಸ ಎಂದರು. ಎಂಜಿನಿಯರ್ ಮೇಡಂ ಸ್ವಲ್ಪ ಎತ್ತರ ಆಯಿತಲ್ಲವೇ ಎಂದು ಅನುಮಾನಿಸಿದರೂ, ಅಷ್ಟು ಪ್ರೀತಿಯಿಂದ ಮಾಡಿದ್ದನ್ನು ಕಡಿಮೆ ಮಾಡಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

ಉದ್ಘಾಟನೆಯ ದಿನ ಮೆಣಸು ಹೊಸ ಬಟ್ಟೆ ಹಾಕಿಕೊಂಡು, ಯಾರಿಗೂ ತಳ್ಳಲು ಬಿಡದೆ, ತಾನೇ ಗಾಲಿ ತಿರುಗಿಸಿಕೊಂಡು ಒಳಗೆ ಹೋದಳು. ಚಿಲಕ ಬಿತ್ತು. ಜೋಕಾಲಿ ತೂಗಿತು. ಜನ ಚಪ್ಪಾಳೆ ತಟ್ಟಿದರು. ಪಾರ್ಕಿನಲ್ಲಿದ್ದ ಮಕ್ಕಳೆಲ್ಲ ಆಟ ಬಿಟ್ಟು ಓಡಿ ಬಂದು, ಗ್ರಿಲ್ಲಿನ ಸರಳು ಹಿಡಿದುಕೊಂಡು, ಸಂದಿಗಳಲ್ಲಿ ಮೂಗು ತೂರಿಸಿ, ಸದ್ದಿಲ್ಲದೆ ನೋಡುತ್ತಾ ನಿಂತರು. ಮೆಣಸು ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಅವರನ್ನು ನೋಡಿದಳು. ಜೋಕಾಲಿ ನಿಂತ ಮೇಲೆ ಹೊರಗೆ ಬಂದವಳು ಅಜ್ಜಿಯ ಸೆರಗು ಎಳೆದು ಬಗ್ಗಿಸಿ, ಮೆಲ್ಲಗೆ, ಯಾರಿಗೂ ಕೇಳದ ಹಾಗೆ ಹೇಳಿದಳು.

"ಟಿಕೆಟ್ ಇಟ್ಬಿಡಜ್ಜಿ. ನೋಡೋಕೆ ಚೆನ್ನಾಗಿ ಜನ ಬರ್ತಾರೆ."

ಕಿಡಿಯಕ್ಕ ನಕ್ಕುಬಿಟ್ಟರು. ಇವಳ ಬಾಯಿ ಇದ್ದದ್ದೇ ಎಂದುಕೊಂಡರು. ಮರುದಿನ ಪಾರ್ಕಿಗೆ ಹೊರಡೋಣವೇ ಎಂದರೆ ಹುಡುಗಿ ಬೇಡ ಎಂದಳು. ಅದರ ಮರುದಿನವೂ ಬೇಡ. ತಲೆನೋವು ಎಂದಳು, ಪರೀಕ್ಷೆ ಎಂದಳು, ಕೊನೆಗೆ ಕಾರಣ ಹೇಳುವುದನ್ನೇ ಬಿಟ್ಟಳು. ಅಂಗಡಿಯಲ್ಲಿ ಗಿರಾಕಿಗಳ ಮಾತಿಗೆ ಬಾಯಿ ಹಾಕುವುದನ್ನೂ ನಿಲ್ಲಿಸಿದಳು. ಅದು ಅಜ್ಜಿಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸಿತು. ಮೆಣಸು ಸಪ್ಪಗಾದರೆ ಮನೆಯಲ್ಲಿ ಉಳಿಯುವುದಾದರೂ ಏನು?

ಬೇರೆ ಬೀದಿಗಳಿಂದ ಗಾಲಿಕುರ್ಚಿಯ ಮಕ್ಕಳು ಬಂದರು, ಒಂದು ಸಲ ತೂಗಿದರು, ಮತ್ತೆ ಬರಲಿಲ್ಲ. ಚಿಲಕಕ್ಕೆ ಬೀಗ ಬಿತ್ತು. ಕಾವಲುಗಾರ ತನ್ನ ಪೊರಕೆ, ಬಕೆಟ್ಟು, ಪೈಪುಗಳನ್ನೆಲ್ಲ ಒಳಗೆ ಜೋಡಿಸಿದ. ಬೀಗ ಇರುವ ಅಷ್ಟು ಒಳ್ಳೆಯ ಜಾಗ ಅವನಿಗೆ ಬೇರೆಲ್ಲಿ ಸಿಗಬೇಕು?

ಆರು ತಿಂಗಳಾಗಿತ್ತು. ಚಿಲಕ ತುಕ್ಕು ಹಿಡಿದಿದೆ ಎಂದು ಕಾವಲುಗಾರ ಹೇಳಿ ಕಳುಹಿಸಿದ. ಕಿಡಿಯಕ್ಕ ಸಂಜೆ ಹೋಗಿ ಪೊರಕೆಗಳ ನಡುವೆ ಮಂಡಿಯೂರಿ ಕೂತು ಚಿಲಕ ಬಿಚ್ಚುತ್ತಿದ್ದರು. ಚೆಂಡು ಹುಡುಕಿಕೊಂಡು ಬಂದ ಪುಟಾಣಿಯೊಂದು ಸರಳು ಹಿಡಿದು ಹೊರಗೆ ನಿಂತಿತು. ಅವರನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿತು. ಆಮೇಲೆ ಮರುಕದಿಂದ ಕೇಳಿತು: "ನಿನ್ನ ಯಾಕೆ ಒಳಗೆ ಹಾಕಿದಾರೆ?"

ಇದನ್ನು ಹೇಳುವಾಗ ಕಿಡಿಯಕ್ಕ ಕೈಯಲ್ಲಿದ್ದ ಅರವನ್ನು ಕೆಳಗಿಡುತ್ತಾರೆ. "ಮಗು ಹೋಯ್ತು. ನಾನು ಹಾಗೇ ಹಲಗೆ ಮೇಲೆ ಕೂತೆ, ಮೆಣಸು ಕೂತಿದ್ದ ಜಾಗದಲ್ಲಿ. ಕೂತು ಆಚೆ ನೋಡಿದೆ. ಪಾರ್ಕೆಲ್ಲ ಪಟ್ಟೆ ಪಟ್ಟೆಯಾಗಿ ಕಾಣ್ತು. ಮಕ್ಕಳು ಪಟ್ಟೆ, ಮರ ಪಟ್ಟೆ. ನನ್ನ ಹಕ್ಕಿಗಳೆಲ್ಲ ಹೊರಗಡೆ ಮುಖ ಮಾಡಿದ್ವು. ಒಳಗಿರೋರಿಗೆ ಅವುಗಳ ಬೆನ್ನು. ಎಲ್ಲಾನೂ ಹೊರಗೆ ನಿಂತು ನೋಡೋರಿಗೆ ಅಂತ ಮಾಡಿದ್ದೆ."

ಅವತ್ತು ಮನೆಗೆ ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರಂತೆ. ಮರುದಿನ ಬೆಳಿಗ್ಗೆ ಎಂಜಿನಿಯರ್ ಮೇಡಂ ಕಚೇರಿಯಲ್ಲಿ ನಿಂತಿದ್ದರು. ನನ್ನ ಬೇಲಿ ನಾನೇ ಕತ್ತರಿಸುತ್ತೇನೆ, ಅಪ್ಪಣೆ ಕೊಡಿ ಎಂದರು. ಬೇಲಿ ಹೋದರೆ ಜೋಕಾಲಿಯೂ ಹೋಗಬೇಕಾಗುತ್ತದೆ, ಅಷ್ಟು ಭಾರದ ಹಲಗೆಯನ್ನು ಬಯಲಲ್ಲಿ ತೂಗಲು ಬಿಡುವಂತಿಲ್ಲ ಎಂದು ಮೇಡಂ ತಿಳಿಸಿ ಹೇಳಿದರು. ಹೇಳಿ, ಸ್ವಲ್ಪ ಯೋಚಿಸಿ, ಎರಡನ್ನೂ ತೆಗೆಯಿರಿ, ಆದರೆ ಜಾಗ ಖಾಲಿ ಬಿಡಬೇಡಿ ಎಂದು ಸಹಿ ಹಾಕಿಕೊಟ್ಟರು. ಆ ಸಹಿಗಾಗಿ ಮೇಲಿನವರಿಂದ ಮೇಡಂ ಏನೇನು ಕೇಳಿಸಿಕೊಂಡರೆಂದು ಅವರು ಹೇಳಿಲ್ಲ. ಕಿಡಿಯಕ್ಕ ಅದನ್ನು ಮರೆತಿಲ್ಲ.

ಕಟಿಂಗ್ ಮೆಷಿನ್ನಿನ ಸದ್ದಿಗೆ ಬೀದಿಯ ಜನವೆಲ್ಲ ಸೇರಿದರು. ತಲೆ ಕೆಟ್ಟಿದೆಯೇ ಎಂದು ಕೇಳಿದವರಿದ್ದರು. ಹಾಸಿಗೆ ಅಂಗಡಿಯವರು ಕಮಾನನ್ನು ತಮ್ಮ ಮನೆಗೆ ಕೊಡಿ ಎಂದು ಅಂಗಲಾಚಿದರು. ಯಜಮಾನರು ಮಾತ್ರ ಬಿದ್ದ ಹಕ್ಕಿಗಳನ್ನು ಒಂದೊಂದಾಗಿ ಆಯ್ದು ಚೀಲಕ್ಕೆ ಹಾಕಿಕೊಂಡರು.

ಬೇಲಿ ಕೆಡವುವುದು ಸುಲಭ. ಆ ಜಾಗಕ್ಕೆ ಏನು? ಮೆಣಸನ್ನು ಕೇಳಿದರೆ ಭುಜ ಕುಣಿಸಿ ಪುಸ್ತಕಕ್ಕೆ ಮುಖ ಹಾಕುತ್ತಿದ್ದಳು. ಕಿಡಿಯಕ್ಕ ಸಂಜೆ ಅಂಗಡಿ ಬೇಗ ಮುಚ್ಚಿ, ಪಾರ್ಕಿನ ಬೆಂಚಿನ ಮೇಲೆ ಕೂತು ಮಕ್ಕಳು ಆಡುವುದನ್ನು ನೋಡತೊಡಗಿದರು. ಅರ್ಧ ತಯಾರಾದ ಗೇಟುಗಳು ಹಾಗೇ ನಿಂತವು, ಗಿರಾಕಿಗಳು ರೇಗಿದರು. ವಾರಗಟ್ಟಲೆ ನೋಡಿದ ಮೇಲೆ ಅವರಿಗೆ ಒಂದು ವಿಷಯ ಹೊಳೆಯಿತು. ಅದನ್ನು ಅವರ ಮಾತಿನಲ್ಲೇ ಕೇಳಬೇಕು.

"ಮಕ್ಕಳು ಜೋಕಾಲಿ ಆಡೋದು ಕಮ್ಮಿ ಸಾರ್. ಜೋಕಾಲಿ ಮುಂದೆ ನಿಂತು ನಂದು ಸರದಿ, ನಿಂದು ಸರದಿ ಅನ್ನೋದೇ ಜಾಸ್ತಿ. ನೂಕೋದು, ನೂಕ್ಬೇಡ ಅನ್ನೋದು, ಇನ್ನೂ ಜೋರಾಗಿ ನೂಕು ಅನ್ನೋದು. ಆಟ ಇರೋದು ಕಬ್ಬಿಣದಲ್ಲಿ ಅಲ್ಲ, ಪಕ್ಕದಲ್ಲಿರೋರ ಹತ್ರ. ನಾನು ಮೆಣಸಿಗೆ ಕಬ್ಬಿಣ ಕೊಟ್ಟೆ, ಪಕ್ಕದಲ್ಲಿರೋರನ್ನ ಬೇಲಿ ಹಾಕಿ ಹೊರಗಿಟ್ಟೆ."

ಅಲ್ಲಿಂದ ಹುಟ್ಟಿದ್ದು ಮಕ್ಕಳು ಗಿರಿಗಿರಿ ಎಂದು ಕರೆಯುವ ತಟ್ಟೆ. ನೆಲದ ಮಟ್ಟಕ್ಕೆ ಕೂರಿಸಿದ ದೊಡ್ಡ ದುಂಡು ಕಬ್ಬಿಣದ ತಟ್ಟೆ ಅದು. ಹತ್ತಲು ಮೆಟ್ಟಿಲಿಲ್ಲ, ಹೊಸ್ತಿಲಿಲ್ಲ. ಗಾಲಿಕುರ್ಚಿ ನೆಲದ ಮೇಲಿಂದ ಸೀದಾ ತಟ್ಟೆಯ ಮೇಲೆ ಬರುತ್ತದೆ, ಅಲ್ಲಿರುವ ಕೊಂಡಿಗೆ ಸಿಕ್ಕಿ ಅಲ್ಲಾಡದೆ ನಿಲ್ಲುತ್ತದೆ. ಮಿಕ್ಕ ಮಕ್ಕಳು ಅಂಚಿನ ಕಂಬಿ ಹಿಡಿದು ನಿಲ್ಲಬಹುದು, ಕೂರಬಹುದು. ತಟ್ಟೆಯ ನಡುವೆ ಒಂದು ಕಂಬ, ಕಂಬದ ತಲೆಯ ಮೇಲೊಂದು ಚಕ್ರ. ಕಂಬ ನೆಲಕ್ಕೆ ನೆಟ್ಟದ್ದು, ಚಕ್ರ ಕಂಬಕ್ಕೆ ಬೆಸೆದದ್ದು, ಎರಡೂ ತಿರುಗುವುದಿಲ್ಲ. ಚಕ್ರ ಹಿಡಿದು ಎಳೆದರೆ ಎಳೆದವರೂ ಅವರು ಕೂತ ತಟ್ಟೆಯೂ ತಟ್ಟೆಯ ಮೇಲಿನ ಮಂದಿಯೂ ಒಟ್ಟಿಗೆ ತಿರುಗುತ್ತಾರೆ. ಅಂದರೆ ಈ ಬಂಡಿಯನ್ನು ಓಡಿಸುವುದು ನಡುವೆ ಕೂತವರು, ಮತ್ತು ಓಡಿಸಲು ಬೇಕಾದದ್ದು ಕಾಲಲ್ಲ, ತೋಳು.

ಕತ್ತರಿಸಿದ ಬೇಲಿಯ ಸರಳುಗಳೇ ತಟ್ಟೆಯ ಹಿಡಿಕಂಬಿಗಳಾದವು. ಹಾಸಿಗೆ ಅಂಗಡಿಯವರು ಆಸೆಪಟ್ಟ ಕಮಾನನ್ನು ಬಾಗಿಸಿ ನಡುವಿನ ಚಕ್ರ ಮಾಡಿದರು. ತಟ್ಟೆಯ ಅಡಿಗೆ ಗುಜರಿಯಿಂದ ತಂದ ಲಾರಿಯ ಚಕ್ರದ ನಡುವಿನ ಗುಂಬ, ಅಂದರೆ ಹಬ್, ಹಾಕಿ, ಹೊಸ ಬೇರಿಂಗ್ ಕೂರಿಸಿದರು. ಮೊದಲ ಸಲ ಗುಂಡಿಯಲ್ಲಿ ನೀರು ನಿಂತಿತು. ಎರಡನೆಯ ಸಲ ತಟ್ಟೆಗೂ ನೆಲಕ್ಕೂ ನಡುವಿನ ಸಂದಿ ಕುರ್ಚಿಯ ಮುಂದಿನ ಗಾಲಿಯನ್ನು ನುಂಗಿ ಹಾಕಿತು, ಕಿಡಿಯಕ್ಕ ಕುರ್ಚಿ ಸಮೇತ ಮುಗ್ಗರಿಸಿ ಮೂತಿ ಒಡೆದುಕೊಂಡರು. ಎಂಜಿನಿಯರ್ ಮೇಡಂ ನೀರು ಹರಿದುಹೋಗುವ ಕಾಲುವೆ ತೋರಿಸಿಕೊಟ್ಟರು. ಸಂದಿಯನ್ನು ಮಗುವಿನ ಬೆರಳೂ ಹೋಗದಷ್ಟು ಕಿರಿದು ಮಾಡುವ ಉಪಾಯವನ್ನು ಇಬ್ಬರೂ ಅಂಗಡಿಯ ನೆಲದ ಮೇಲೆ ಕೂತು, ಸೀಮೆಸುಣ್ಣಕ್ಕೆ ಕಿತ್ತಾಡಿಕೊಂಡು ಕಂಡುಹಿಡಿದರು.

ಈ ಸಲ ಉದ್ಘಾಟನೆ ಮಾಡಲಿಲ್ಲ. ಒಂದು ಸಂಜೆ ಸುತ್ತ ಕಟ್ಟಿದ್ದ ಹಗ್ಗ ಬಿಚ್ಚಿ ಕಿಡಿಯಕ್ಕ ಮನೆಗೆ ಹೋದರು. ಮೆಣಸನ್ನು ಕರೆಯಲೂ ಇಲ್ಲ. ಮಗಳು ಕೇಳಿದಳಂತೆ, ಇಷ್ಟೆಲ್ಲ ಮಾಡಿದ್ದು ಅವಳಿಗೇ ಅಲ್ವಾ, ಎತ್ತಿಕೊಂಡಾದರೂ ಹೋಗೋಣ ಎಂದು. ಒಂದು ಸಲ ಅಜ್ಜಿ ಕರೆದಳೆಂದು ಹೋಗಿ ಪ್ರದರ್ಶನವಾಗಿದ್ದು ಸಾಕು ಎಂದು ಕಿಡಿಯಕ್ಕ ಜಗ್ಗಲಿಲ್ಲ. ಹಾಗೆಂದು ಅವರಿಗೇನೂ ನೆಮ್ಮದಿ ಇರಲಿಲ್ಲ. ಹುಡುಗಿ ಈ ಸಲವೂ ಹೋಗದಿದ್ದರೆ ಇನ್ನು ಎಂದೆಂದಿಗೂ ಹೋಗಲಾರಳು ಎಂಬುದು ಅವರಿಗೆ ಗೊತ್ತಿತ್ತು. ಹಾಕಿದ ಬೆಸುಗೆಯನ್ನು ಕಿತ್ತು ಮತ್ತೆ ಹಾಕಿದ್ದು ಅದೊಂದೇ ವಾರ ಎಂದು ಯಜಮಾನರು ಬಾಯಿ ಬಿಡುತ್ತಾರೆ.

ಪಾರ್ಕಿನ ಮಕ್ಕಳು ಗಿರಿಗಿರಿಗೆ ಮುಗಿಬಿದ್ದರು. ಹೊರಗಿನಿಂದ ನೂಕಿದರು, ಹತ್ತಿದರು, ಇಳಿದರು. ನಡುವಿನ ಚಕ್ರ ಹಿಡಿದು ಎಳೆದರೆ ಮಾತ್ರ ತಟ್ಟೆ ಯಾರ ಕೈಗೂ ಜಗ್ಗಲಿಲ್ಲ. ಒಬ್ಬರಾದ ಮೇಲೊಬ್ಬರು ಹಿಡಿದು ಎಳೆದು, ಕೈ ಕೆಂಪಾಗಿಸಿಕೊಂಡು, ನಾಲ್ಕನೆಯ ದಿನ ಗುಂಪುಕಟ್ಟಿ ಅಂಗಡಿಗೆ ನುಗ್ಗಿದರು. ಕಿಡಿಯಕ್ಕ, ನಿಮ್ಮ ಚಕ್ರ ಕೆಟ್ಟುಹೋಗಿದೆ ಎಂದು ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು.

ಕಿಡಿಯಕ್ಕ ಬೆಸುಗೆಯ ಮುಖವಾಡ ಮೇಲೆತ್ತಿದರು. "ಕೆಟ್ಟಿಲ್ಲ. ಅದಕ್ಕೆ ತೋಳಲ್ಲಿ ಕಸುವಿರೋರು ಬೇಕು. ದಿನವಿಡೀ ಗಾಲಿ ತಿರುಗಿಸಿ ಅಭ್ಯಾಸ ಇರೋರು. ಅಂಥೋರು ಯಾರಾದ್ರೂ ಗೊತ್ತಿದ್ರೆ ಕೇಳ್ಕೊಳ್ಳಿ," ಎಂದು ಮುಖವಾಡ ಇಳಿಸಿ ಕೆಲಸ ಮುಂದುವರಿಸಿದರು.

ಮಕ್ಕಳ ಕಣ್ಣು ನಿಧಾನವಾಗಿ ಮೂಲೆಗೆ ಹೊರಳಿತು. ಮೆಣಸು ಪುಸ್ತಕದಲ್ಲಿ ಮುಳುಗಿದವಳಂತೆ ನಟಿಸುತ್ತಿದ್ದಳು, ಹಾಳೆ ಮಾತ್ರ ತಲೆಕೆಳಗಾಗಿತ್ತು. ಕೇಳಿಕೊಂಡ ತಕ್ಷಣ ಒಪ್ಪುವ ಪೈಕಿ ಅಲ್ಲ ಅವಳು. ಬರೆಯುವುದಿದೆ ಎಂದಳು. ನೋಡೋಣ ಎಂದಳು. ತನ್ನನ್ನು ಯಾರೂ ತಳ್ಳಕೂಡದು ಎಂದಳು. ಎಲ್ಲದಕ್ಕೂ ಆಯ್ತು ಆಯ್ತು ಎಂದ ಗುಂಪು ಅವಳ ಕುರ್ಚಿಯ ಸುತ್ತ ನಡೆದುಕೊಂಡು, ದಾರಿಯಲ್ಲಿ ನಿಂತಿದ್ದ ಸ್ಕೂಟರುಗಳನ್ನು ಪಕ್ಕಕ್ಕೆ ಎಳೆದುಹಾಕುತ್ತಾ ಹೊರಟಿತು. ಅಂಗಡಿಯ ಒಳಗಿದ್ದ ಇಬ್ಬರೂ ಬಾಗಿಲಿಗೆ ಬಂದು ನೋಡಲಿಲ್ಲ. ಕಿಡಿಯಕ್ಕ ಮುಖವಾಡ ತೆಗೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಪಾರ್ಕಿನ ಕಡೆಯಿಂದ ಕೇಕೆ ಕೇಳಿಸಿತು. ನಿಂತಿತು. ಮತ್ತೆ ಕೇಳಿಸಿತು, ಈ ಸಲ ಇನ್ನೂ ಜೋರಾಗಿ. ಅದರ ಮೇಲೆ ಏರಿ ಬಂದದ್ದು ಮೆಣಸಿನ ಗಂಟಲು: ಗಟ್ಟಿಯಾಗಿ ಹಿಡ್ಕೊಳ್ರೋ ಎಂದು ಆಜ್ಞೆ ಕೊಡುತ್ತಿದ್ದಳು.

ಬೇರಿಂಗನ್ನು ಬೇಕೆಂದೇ ಬಿಗಿ ಮಾಡಿದ್ದಿರಾ ಎಂದು ನಾನು ಕೇಳುತ್ತೇನೆ. ಕಿಡಿಯಕ್ಕ ನನ್ನನ್ನು ನೋಡುವುದಿಲ್ಲ. "ಹೊಸ ಬೇರಿಂಗ್ ಮೊದಮೊದಲು ಬಿಗಿನೇ ಇರುತ್ತೆ," ಎನ್ನುತ್ತಾರೆ. ಮೂಲೆಯಲ್ಲಿ ಯಜಮಾನರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತದೆ. ಅದು ಏನೇ ಇರಲಿ, ಈಗ ತಟ್ಟೆ ಹೂವಿನ ಹಾಗೆ ಹಗುರ. ಕೈಯಲ್ಲಿ ಹೆಚ್ಚು ಬಲವಿಲ್ಲದ ಮಕ್ಕಳೂ ಚಕ್ರಕ್ಕೆ ಬೆರಳು ಕೊಟ್ಟು ಅದನ್ನು ತಿರುಗಿಸುತ್ತಾರೆ.

ಆ ಒಂದು ಗಿರಿಗಿರಿಯಿಂದ ಉಳಿದದ್ದೆಲ್ಲ ಬೆಳೆಯಿತು. ಕುರ್ಚಿಯಲ್ಲಿ ಕೂತೇ ಮರಳಿನಲ್ಲಿ ಆಡಲು ಎತ್ತರದ ಮರಳುಮೇಜು ಬಂತು. ಅದರ ಒಂದು ಪಕ್ಕಕ್ಕೆ ಕುರ್ಚಿ, ಎದುರು ಪಕ್ಕಕ್ಕೆ ನಿಲ್ಲುವ ಮಕ್ಕಳು, ಮರಳು ಎತ್ತುವ ಸಲಿಕೆಗೆ ಎರಡೂ ಕಡೆ ಹಿಡಿ. ಕಣ್ಣು ಕಾಣದ ಮಕ್ಕಳು ದಾರಿ ಹಿಡಿಯಲೆಂದು ಸಾಲಾಗಿ ನಿಂತ, ಬಡಿದರೆ ಒಂದೊಂದು ಸ್ವರ ಹೊಮ್ಮಿಸುವ ಕಬ್ಬಿಣದ ಕೊಳವೆಗಳು ಬಂದವು. ತಾಯಿಯೊಬ್ಬರು ತನ್ನ ಮಗನಿಗೆ ಗಲಾಟೆ ತಡೆಯಲಾಗುವುದಿಲ್ಲ, ಅವನಿಗೊಂದು ಅಡಗುವ ಜಾಗ ಬೇಕು ಎಂದರು. ಕಿಡಿಯಕ್ಕ ಬಳ್ಳಿ ಹಬ್ಬಿಸಿದ ತಗ್ಗಾದ ಗೂಡೊಂದನ್ನು ಮಾಡಿಕೊಟ್ಟರು. ಅದಕ್ಕೆ ಎರಡು ಕಡೆ ದಾರಿ ಇದೆ, ಬಾಗಿಲು ಎಲ್ಲೂ ಇಲ್ಲ. ಒಳಗೆ ಇಬ್ಬರಿಗಾಗುವಷ್ಟು ಜಾಗವಿದೆ. ಸುಮ್ಮನೆ ಕೂರುವುದಕ್ಕೂ ಒಮ್ಮೊಮ್ಮೆ ಜೊತೆ ಬೇಕಾಗುತ್ತದೆ ಎಂಬುದು ಅವರ ವಾದ.

ಒಬ್ಬರೇ ಆಡಿ ಮುಗಿಸಬಹುದಾದ ಯಾವುದನ್ನೂ ಅವರು ಮಾಡುವುದಿಲ್ಲ. ನಕ್ಷೆ ಬರೆದ ಮೇಲೆ ಅದರಲ್ಲಿ ಎರಡನೆಯ ಮಗು ಎಲ್ಲಿ ನಿಲ್ಲುತ್ತದೆ ಎಂದು ಹುಡುಕುತ್ತಾರೆ. ಸಿಗದಿದ್ದರೆ ಕಾಲಿನಿಂದ ಸೀಮೆಸುಣ್ಣ ಒರೆಸಿಹಾಕುತ್ತಾರೆ. ಇತ್ತೀಚೆಗೆ ನಗರಸಭೆಯವರು ಪಾರ್ಕಿನ ಮುಂದೆ 'ವಿಶೇಷ ಮಕ್ಕಳ ಆಟದ ಅಂಗಳ' ಎಂಬ ಫಲಕ ಮಾಡಿಕೊಡಿ ಎಂದು ಕೇಳಿದ್ದಾರೆ. ಕಬ್ಬಿಣ ಇಲ್ಲ, ತಗಡು ಇಲ್ಲ, ಬಣ್ಣ ಒಣಗಿಲ್ಲ ಎಂದು ಕಿಡಿಯಕ್ಕ ಎಂಟು ತಿಂಗಳಿಂದ ದಿನ ತಳ್ಳುತ್ತಿದ್ದಾರೆ. ಎಂಜಿನಿಯರ್ ಮೇಡಂಗೂ ಆ ಫಲಕದ ಬಗ್ಗೆ ಏನೂ ಅವಸರ ಇದ್ದಂತಿಲ್ಲ.

ಸಂಜೆ ನಾವು ಪಾರ್ಕಿಗೆ ಹೋದಾಗ ಕಿವಿ ಗಡಚಿಕ್ಕುವ ಸದ್ದು. ಕೊಳವೆಗಳ ಮುಂದೆ ಇಬ್ಬರು ಹುಡುಗಿಯರು ಪೈಪೋಟಿಯ ಮೇಲೆ ಬಾರಿಸುತ್ತಿದ್ದಾರೆ. ಅವರಲ್ಲಿ ಕಣ್ಣು ಕಾಣದವಳು ಯಾರು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಬೆಳಿಗ್ಗೆ ಸಹಾಯಕ್ಕೆ ಓಡಿ ಬಂದಿದ್ದ ಗಂಡಸು ತಮ್ಮ ಮಗನನ್ನು ಕರೆತಂದಿದ್ದಾರೆ, ಕಿಡಿಯಕ್ಕನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾರೆ. ಗಿರಿಗಿರಿಯ ನಡುವೆ ಮೆಣಸು. ಕುರ್ಚಿಯ ಬ್ರೇಕು ಹಾಕಿ, ಅಂಗಿಯ ತೋಳು ಮಡಚಿ, ಚಕ್ರ ಹಿಡಿದು ಕೂತಿದ್ದಾಳೆ. ಸುತ್ತ ಕಂಬಿ ಹಿಡಿದು ಎಂಟೋ ಹತ್ತೋ ಮಕ್ಕಳು. ಕಂಬಿಯ ತುದಿಗಳಲ್ಲಿ ಯಜಮಾನರು ಆಯ್ದಿಟ್ಟುಕೊಂಡಿದ್ದ ಹಳೆಯ ಹಕ್ಕಿಗಳು ಕೂತಿವೆ. ಈ ಸಲ ಅವುಗಳ ಮುಖ ಒಳಗೆ, ಮಕ್ಕಳ ಕಡೆಗೆ. ಮೆಣಸು ಒಮ್ಮೆ ಎಳೆಯುತ್ತಾಳೆ. ತಟ್ಟೆ ಹೊರಳುತ್ತದೆ. ಎರಡನೆಯ ಎಳೆತಕ್ಕೆ ಮಕ್ಕಳ ಕೂದಲು ಹಾರುತ್ತದೆ, ಮೂರನೆಯದಕ್ಕೆ ಮುಖಗಳೆಲ್ಲ ಕಲಸಿಹೋಗಿ ಒಂದೇ ಕೇಕೆಯಾಗುತ್ತದೆ. ನೋಡುತ್ತಾ ನಿಂತ ನನಗೂ ಸಂತೋಷದಿಂದ ಕೂಗಿಬಿಡೋಣ ಎನಿಸುತ್ತದೆ. ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಿರುತ್ತೇನೆ.

ಬೆಂಚಿನ ಮೇಲೆ ಕೂತು ಕಿಡಿಯಕ್ಕ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಡುತ್ತಾರೆ. ಗೆದ್ದೆ ಎಂದು ನಿಮಗೆ ಅನಿಸಿದ್ದು ಯಾವಾಗ, ಮಕ್ಕಳು ಅಂಗಡಿಗೆ ಬಂದು ಅವಳನ್ನು ಕರೆದ ದಿನವೇ ಎಂದು ಕೇಳುತ್ತೇನೆ. ಅಲ್ಲ ಎಂದು ತಲೆ ಆಡಿಸುತ್ತಾರೆ. ಅವತ್ತು ಹೆದರಿಕೆಯೇ ಹೆಚ್ಚಿತ್ತಂತೆ. ಅವಶ್ಯಕತೆಗೆ ಕರೆದಿದ್ದಾರೆ, ನಾಳೆ ಮರೆತರೆ ಏನು ಗತಿ ಎಂದು ನಿದ್ದೆ ಬರಲಿಲ್ಲವಂತೆ. ಅವರು ಹೇಳುವ ದಿನ ಅದಾದ ಮುಂದಿನ ವಾರದ್ದು.

ಭಾನುವಾರ ಸಂಜೆ ಯಾರೋ ಬಾಗಿಲು ಬಡಿದರು. ಮೆಣಸಿನ ಅಮ್ಮ ತೆರೆದರು. ಎದುರು ಬೀದಿಯ ಹೆಂಗಸು, ಕೋಪದಿಂದ ಕೆಂಪಾಗಿ ನಿಂತಿದ್ದರು. ಹಿಂದೆ ಅವರ ಮಗ ಮೂಗು ಒರೆಸಿಕೊಳ್ಳುತ್ತಿದ್ದ. ನಿಮ್ಮ ಹುಡುಗಿ ಸಂಜೆಯೆಲ್ಲ ಚಕ್ರ ಹಿಡಿದು ಕೂತಿದ್ದಾಳೆ, ಯಾರಿಗೂ ಸರದಿ ಕೊಟ್ಟಿಲ್ಲ, ನನ್ನ ಮಗ ಕೇಳಿದರೆ ಕೈಮೇಲೆ ಬಾರಿಸಿದ್ದಾಳೆ, ಇದೇನಾ ನೀವು ಮಕ್ಕಳಿಗೆ ಕಲಿಸುವುದು ಎಂದು ಒಂದೇ ಉಸಿರಿಗೆ ಜಾಡಿಸಿದರು.

ಆ ಬಾಗಿಲಿಗೆ ಹುಡುಗಿಯ ವಿಷಯಕ್ಕೆ ಜನ ಬಂದದ್ದು ಅದೇ ಮೊದಲಲ್ಲ. ಅವಳು ಹುಟ್ಟಿದಾಗಿನಿಂದ ಬರುತ್ತಲೇ ಇದ್ದರು. ಅಯ್ಯೋ ಪಾಪ ಎನ್ನಲು ಬಂದರು, ಡಾಕ್ಟರ ವಿಳಾಸ ಕೊಡಲು ಬಂದರು, ಹಣ್ಣು ತಂದರು, ಅಮ್ಮನ ಕೈ ಹಿಡಿದು ನಿಟ್ಟುಸಿರು ಬಿಟ್ಟು ಹೋದರು. ದೂರು ತಂದವರು ಒಬ್ಬರೂ ಇರಲಿಲ್ಲ.

"ಮಗಳಿಗೆ ಗಾಬರಿ. ಕ್ಷಮಿಸಿ, ಕ್ಷಮಿಸಿ ಅಂತಿದ್ದಾಳೆ. ನಾನು ಅಡುಗೆಮನೆಯಿಂದ ಕೈ ಒರೆಸ್ಕೊಂಡು ಓಡಿ ಬಂದೆ. ಆಯಮ್ಮನ ಮುಂದೆ ನಿಂತ್ಕೊಂಡು, ಅಮ್ಮಾ, ಏನಂದ್ರಿ, ಇನ್ನೊಂದ್ಸಲ ಹೇಳಿ ಅಂದೆ." ಕಿಡಿಯಕ್ಕ ಕಣ್ಣು ತುಂಬಿದ್ದನ್ನು ಮುಚ್ಚಿಡುವ ಗೋಜಿಗೆ ಹೋಗುವುದಿಲ್ಲ. "ಪಾಪ, ನಾನು ಜಗಳಕ್ಕೆ ಬಂದೆ ಅಂದ್ಕೊಂಡ್ರು. ಆದ್ರೂ ಹೇಳಿದ್ರು, ಪೂರ್ತಿ ಹೇಳಿದ್ರು. ನಾನು ನಿಂತು ಕೇಳಿಸ್ಕೊಂಡೆ."

ಆಮೇಲೆ ಮೆಣಸಿಗೆ ಏನೆಂದಿರಿ ಎಂದು ಕೇಳುತ್ತೇನೆ. ಅಷ್ಟರಲ್ಲಿ ಗಿರಿಗಿರಿ ನಿಂತಿದೆ. ಹುಡುಗನೊಬ್ಬ ತನ್ನ ಸರದಿ ಎಂದು ಕಿರುಚುತ್ತಿದ್ದಾನೆ, ಮೆಣಸು ಇನ್ನೊಂದೇ ಸುತ್ತು ಎಂದು ವಾದಿಸುತ್ತಿದ್ದಾಳೆ. ಕಿಡಿಯಕ್ಕ ಲೋಟ ಕೆಳಗಿಟ್ಟು, ಎದ್ದು, ಸೆರಗು ಸಿಕ್ಕಿಸಿಕೊಳ್ಳುತ್ತಾರೆ.

"ಬೈದೆ," ಎನ್ನುತ್ತಾರೆ. "ಎಲ್ಲಾ ಮಕ್ಕಳಿಗೂ ಬೈಯೋ ಹಾಗೆ, ಚೆನ್ನಾಗಿ ಬೈದೆ."